ಮನೆತನದ ಕೆಮ್ಮು

ದೊಡ್ಡಾಸ್ಪತ್ರೆ ಹಿಂದಿನ ಬೀದಿ, ಮಹಡಿ ಕೋಣೆ
ತಾರೀಖು ಹದಿನಾಲ್ಕು, ಮಂಗಳವಾರ ಸಂಜೆ

ನನ್ನ ತಮ್ಮಯ್ಯಾ,

ಮೊದಲು ಆ ಹತ್ತಿ ಹಿಂಜುವ ಯಂತ್ರ ನಿಲ್ಲಿಸು. ಒಂದು ಕೈಯಲ್ಲಿ ಕಾಗದ ಹಿಡಿದು, ಇನ್ನೊಂದು ಕೈಯಲ್ಲಿ ಯಂತ್ರದ ಬಾಯಿಗೆ ಹತ್ತಿ ತುರುಕುತ್ತ ಓದುವ ಆಸಾಮಿ ನೀನು, ನನಗೆ ಗೊತ್ತಿಲ್ಲವೇ? ನಿಲ್ಲಿಸಿ, ಮೈಮೇಲಿನ ಹತ್ತಿ ಕೊಡವಿಕೊಂಡು, ಬೀದಿ ಕಡೆಯ ಮೆಟ್ಟಿಲ ಮೇಲೆ ಕೂತು ಓದು. ಯಾಕೆ ಏನು ಅಂತ ಕೇಳಬೇಡ. ಅಕ್ಕ ಅಂದಮೇಲೆ ಇಷ್ಟು ದರ್ಪವಾದರೂ ಬೇಡವೇ?

ನೀನು, ನಿನ್ನ ಹೆಂಡತಿ, ನಿಮ್ಮ ಪುಟ್ಟ ಮರಿ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅಕ್ಕನಿಗೆ ಪೇಟೆ ಗಾಳಿ ಬಡಿಯಿತು, ನಮ್ಮನ್ನು ಮರೆತಳು ಅಂತ ನಿನ್ನ ಹೆಂಡತಿಯ ಹತ್ತಿರ ಆಡಿಕೊಂಡಿರುತ್ತೀಯ. ಎಷ್ಟೋ ಸಲ ಬರೆಯಲು ಕೂತೆ ಕಣೋ. 'ನಾನು ಕ್ಷೇಮ' ಎಂದು ಬರೆಯುತ್ತಿದ್ದಂತೆ ಪೆನ್ನು ಅಲ್ಲೇ ನಿಂತುಬಿಡುತ್ತಿತ್ತು. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನಾಲ್ಕು ಮಾತಿಗೊಮ್ಮೆ ನನಗೆ ಉಸಿರು ಕೈಕೊಡುತ್ತದೆ. ಆ ಸಂದಿಯಲ್ಲಿ ನೀನು ನುಗ್ಗಿ ನಿನ್ನ ಪುರಾಣ ಶುರುಮಾಡುತ್ತೀಯ. ಕಾಗದದಲ್ಲಾದರೆ ನನ್ನ ಬಾಯಿಗೆ ಅಡ್ಡ ಬರುವವರಿಲ್ಲ.

ಕೋಣೆ ಚೆನ್ನಾಗಿದೆ. ಒಂದೇ ಕಿಟಕಿ, ಅದರಾಚೆ ಆಸ್ಪತ್ರೆಯವರು ಹಾಸುಬಟ್ಟೆ ಒಣಹಾಕುವ ತಾರಸಿ. ಇಡೀ ದಿನ ಬಿಳಿ ಬಟ್ಟೆ ಗಾಳಿಗೆ ಪಟಪಟ ಅನ್ನುತ್ತಿರುತ್ತದೆ. ಮಂಚದ ಮೇಲಿನ ಹಾಸಿಗೆಯನ್ನು ಮಾತ್ರ ನೀನು ನೋಡಬೇಕು! ಯಾವ ಪುಣ್ಯಾತ್ಮ ಹೊಲಿದನೋ, ಒಂದು ಕಡೆ ಗುಡ್ಡ, ಒಂದು ಕಡೆ ಹಳ್ಳ. ಬಂದ ಮೊದಲ ವಾರವೇ ದಬ್ಬಣ ತೆಗೆದುಕೊಂಡು ಬಿಚ್ಚಿ ಸರಿಮಾಡಲು ಹೊರಟಿದ್ದೆ, ಮನೆಯೊಡತಿ ಓಡಿಬಂದು ಕೈ ಹಿಡಿದುಕೊಂಡಳು. ಮೆಟ್ಟಿಲು ಹತ್ತುವಾಗ ನಡುವಿನ ತಿರುವಿನಲ್ಲಿ ನಿಂತು ಗೋಡೆಯ ಬಣ್ಣ ನೋಡುವವಳ ಹಾಗೆ ನಟಿಸುತ್ತೇನೆ. 'ಏನು ನೋಡ್ತೀರಿ ಅಷ್ಟು ಹೊತ್ತು?' ಅಂದಳು ಒಂದು ದಿನ. 'ಬಣ್ಣ ಬಳಿದೋನಿಗೆ ಕಣ್ಣಿತ್ತಾ ಅಂತ ನೋಡ್ತಿದೀನಿ' ಅಂದೆ. ಅವತ್ತಿನಿಂದ ಆಕೆ ನನ್ನ ತಂಟೆಗೆ ಬಂದಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಹವಾ ಬದಲಾವಣೆಗೆ ಹೋಗುತ್ತೇನೆ ಅಂತ ಹೇಳಿ ಬಂದೆನಲ್ಲ, ಅದು ಪೂರ್ತಿ ನಿಜವಲ್ಲ. ಅಂಗಡಿಯ ಕೀಲಿಕೈ ನಿನಗೆ ಕೊಟ್ಟು ಇಲ್ಲಿಗೆ ಬಂದಮೇಲೆ ದೊಡ್ಡಾಸ್ಪತ್ರೆಯಲ್ಲಿ ತೋರಿಸಿಕೊಂಡೆ. ಅಲ್ಲೊಬ್ಬಳು ಡಾಕ್ಟರಮ್ಮ ಇದ್ದಾಳೆ. ವಯಸ್ಸಿನಲ್ಲಿ ನಿನಗಿಂತ ಚಿಕ್ಕವಳು; ಜೋರು ನನಗಿಂತ ಒಂದು ಕೈ ಮೇಲು. ನಮ್ಮೂರ ಡಾಕ್ಟರು ಇಷ್ಟು ವರ್ಷ ಉಬ್ಬಸ ಎಂದು ಹೇಳಿ ಕೊಟ್ಟ, ಬಾಯಿಂದ ಎಳೆದುಕೊಳ್ಳುವ ಔಷಧಿಯ ಡಬ್ಬಿಗಳನ್ನೆಲ್ಲ ಆಕೆಯ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಆಕೆ ಅವನ್ನು ಪಕ್ಕಕ್ಕೆ ಸರಿಸಿ ಎದೆಯ ಸ್ಕ್ಯಾನ್ ಚಿತ್ರವನ್ನೇ ನೋಡುತ್ತ ಕೂತಳು.

'ಬೀಡಿ, ಸಿಗರೇಟು ಏನಾದ್ರೂ ಇತ್ತಾ?'

'ನಾನಾ! ಏನಮ್ಮಾ ಮಾತು!'

'ತಮಾಷೆಗೆ ಕೇಳಿಲ್ಲ. ಹೊಗೆ ಸೇದೋರ ಶ್ವಾಸಕೋಶ ಸಾಮಾನ್ಯವಾಗಿ ಮೇಲ್ಗಡೆ ಹಾಳಾಗಿರುತ್ತೆ. ನಿಮ್ಮದು ತಳದಲ್ಲೇ ಖಾಲಿ ಆಗಿದೆ. ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಕೆಮ್ಮು, ಏದುಸಿರು ಇತ್ತಾ?'

ನಾನು ಸೆಟೆದು ಕೂತು, 'ಅದು ನಮ್ಮ ಮನೆತನದ ಕೆಮ್ಮು ಕಣಮ್ಮ. ನಮ್ಮಪ್ಪನಿಗಿತ್ತು, ದೊಡ್ಡಪ್ಪನಿಗಿತ್ತು. ಹತ್ತಿ ಕೆಲ್ಸ ಅಂದ್ರೆ ಸುಮ್ನೇನಾ?' ಅಂದೆ. ಬಹುಮಾನ ಬಂದದ್ದನ್ನು ಹೇಳಿಕೊಳ್ಳುವವಳ ಹಾಗೆ ಹೇಳಿದೆ ಕಣೋ. ಆಕೆ ಪೆನ್ನು ಕೆಳಗಿಟ್ಟಳು. 'ಕೆಲಸದ ಕೆಮ್ಮಾದ್ರೆ ಕೆಲಸದೋರಿಗೆಲ್ಲ ಬರ್ಬೇಕು. ನಿಮ್ಮನೇವ್ರಿಗೇ ಹುಡುಕ್ಕೊಂಡು ಬರುತ್ತೆ ಅಂದ್ರೆ ರಕ್ತ ನೋಡ್ಬೇಕು' ಅಂದಳು.

ನಮ್ಮ ಅಂಗಡಿಯಲ್ಲಿ ದುಡಿದ ಆಳುಗಳನ್ನು ಒಬ್ಬೊಬ್ಬರನ್ನಾಗಿ ನೆನೆಸಿಕೊಂಡೆ. ಅವರೂ ಕೆಮ್ಮುತ್ತಿದ್ದರು, ಆದರೆ ಮನೆಗೆ ಹೋಗಿ ಮಲಗಿದರೆ ನಿಲ್ಲುತ್ತಿತ್ತು. ಮುದಿ ಹೊಲಿಗೆಯವನು ಈಗಲೂ ಸೈಕಲ್ ತುಳಿಯುತ್ತಾನೆ. ಅಪ್ಪ ಮಾತ್ರ ಐವತ್ತು ದಾಟುವ ಮುಂಚೆ ದಿಂಬಿಗೆ ಒರಗಿಕೊಂಡೇ ಹೋದರು. ಇದು ಎದುರಿಗೇ ಇತ್ತು, ನಮ್ಮ ಕಣ್ಣಿಗೆ ಬೀಳಲಿಲ್ಲ.

ರಕ್ತದಲ್ಲಿ ಸಿಕ್ಕಿತು. ಸಿಕ್ಕಿತು ಅಂದರೆ, ಇರಬೇಕಾದ್ದು ಇರಲಿಲ್ಲ. ಅದರ ಹೆಸರು ಆಲ್ಫಾ-ಒನ್ ಆಂಟಿಟ್ರಿಪ್ಸಿನ್. ಬಾಯಿಪಾಠ ಮಾಡಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು. ಅದೊಂದು ಬಗೆಯ ಪ್ರೋಟೀನು. ಪಿತ್ತಜನಕಾಂಗ, ಅಂದರೆ ಲಿವರು, ಅದನ್ನು ತಯಾರಿಸಿ ರಕ್ತಕ್ಕೆ ಬಿಡಬೇಕು. ನಮ್ಮಂಥವರ ಲಿವರು ತಯಾರಿಸುತ್ತದೆ, ಆದರೆ ಸೊಟ್ಟಗೆ ತಯಾರಿಸುತ್ತದೆ. ಅದು ಅಲ್ಲೇ ಸಿಕ್ಕಿಹಾಕಿಕೊಂಡು ಕೂರುತ್ತದೆ. ಎದೆಯೊಳಗೆ ಕಸ ಕೊಳೆ ತಿನ್ನಲು ದೇಹದ್ದೇ ಒಂದು ಸೈನ್ಯ ಇದೆಯಂತೆ. ಧೂಳು ಒಳಗೆ ಹೋದಷ್ಟೂ ಅದು ಏರಿಬರುತ್ತದೆ. ಕೆಲಸ ಮುಗಿದ ಮೇಲೆ ಸಾಕು ನಿಲ್ಲಿಸು ಅನ್ನಬೇಕಾದ್ದು ಈ ಪ್ರೋಟೀನು. ಅದಿಲ್ಲದಿದ್ದರೆ ಕಸ ತಿಂದು ಮುಗಿಸಿದ ಸೈನ್ಯ ಶ್ವಾಸಕೋಶವನ್ನೇ ತಿನ್ನಲು ಶುರುಮಾಡುತ್ತದೆ. ನಾನು ಡಾಕ್ಟರಮ್ಮನಿಗೆ, 'ಗೊತ್ತಾಯ್ತು ಬಿಡಮ್ಮ, ಹಿಂಜಿದ ಹತ್ತೀನ ತೆಗೀದೆ ಮತ್ತೆ ಮತ್ತೆ ಹಿಂಜಿದ್ರೆ ಪುಡಿಯಾಗುತ್ತಲ್ಲ, ಹಾಗೆ' ಅಂದೆ. 'ಇಷ್ಟು ಚೆನ್ನಾಗಿ ನಾನೂ ಹೇಳಿರ್ಲಿಲ್ಲ' ಅಂದಳು. ಅವತ್ತು ಅವಳು ನಕ್ಕದ್ದು ಅದೊಂದೇ ಸಲ.

ಇದು ಅಂಟುವ ರೋಗವಲ್ಲ, ಹುಟ್ಟುವಾಗಲೇ ಬರುವುದು. ಅಪ್ಪನ ಕಡೆಯಿಂದ ಒಂದು ಜೀನು, ಅಮ್ಮನ ಕಡೆಯಿಂದ ಒಂದು ಜೀನು, ಎರಡೂ ಕೆಟ್ಟದ್ದೇ ಬಂದರೆ ನನ್ನ ಹಾಗೆ. ಒಂದೇ ಬಂದರೆ ಬಹಳ ಮಟ್ಟಿಗೆ ಬಚಾವು. ಒಡಹುಟ್ಟಿದವರಲ್ಲಿ ಒಬ್ಬರಿಗಿದ್ದು ಇನ್ನೊಬ್ಬರಿಗೆ ಇಲ್ಲದೆಯೂ ಇರಬಹುದು, ಇಬ್ಬರಿಗೂ ಇರಬಹುದು. ಮುಖ ನೋಡಿ ಹೇಳುವಂತಿಲ್ಲ, ಮೈಕಟ್ಟು ನೋಡಿ ಹೇಳುವಂತಿಲ್ಲ. ರಕ್ತ ಕೊಟ್ಟು ನೋಡಬೇಕು, ಬೇರೆ ದಾರಿಯಿಲ್ಲ.

ಈಗ ತಿಳಿಯಿತೇ ಯಂತ್ರ ಯಾಕೆ ನಿಲ್ಲಿಸು ಅಂದೆ ಅಂತ? ಎದ್ದು ಒಳಗೆ ಹೋಗಬೇಡ, ಇನ್ನೂ ಇದೆ, ಕೂತುಕೋ.

ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗುತ್ತೇನೆ. ಒಂದು ಕೋಣೆಯಲ್ಲಿ ಸಾಲಾಗಿ ಕುರ್ಚಿಗಳಿವೆ. ತೋಳಿಗೆ ಸೂಜಿ ಚುಚ್ಚಿ, ಸೀಸೆ ನೇತುಹಾಕಿ, ನನ್ನಲ್ಲಿಲ್ಲದ ಪ್ರೋಟೀನನ್ನು ಹನಿಹನಿಯಾಗಿ ಒಳಗೆ ಬಿಡುತ್ತಾರೆ. ಖರ್ಚಿಗೆ ಆಸ್ಪತ್ರೆಯವರೇ ಒಂದು ದಾರಿ ಮಾಡಿದ್ದಾರೆ, ಅದರ ಯೋಚನೆ ನಿನಗೆ ಬೇಡ. ಈಗಾಗಲೇ ಹಾಳಾದದ್ದು ಇದರಿಂದ ಸರಿಹೋಗುವುದಿಲ್ಲ. 'ಹೋದದ್ದು ಹೋಯ್ತು, ಉಳಿದದ್ದನ್ನ ಕಾಯ್ಕೊಳ್ಳೋಣ' ಎನ್ನುತ್ತಾಳೆ ಡಾಕ್ಟರಮ್ಮ. ಬಿಸಿ ಚಹಾ ಆರಿಸುವ ಹಾಗೆ ತುಟಿ ಚೂಪು ಮಾಡಿ ಮೆಲ್ಲಗೆ ಉಸಿರು ಬಿಡುವುದನ್ನು ಹೇಳಿಕೊಟ್ಟಿದ್ದಾರೆ. ಕೋಣೆಯಲ್ಲಿ ಒಬ್ಬಳೇ ಕೂತು ಊದುತ್ತಿರುತ್ತೇನೆ, ಎದುರಿಗೆ ಚಹಾ ಮಾತ್ರ ಇರುವುದಿಲ್ಲ.

ಆ ಸೀಸೆಯಲ್ಲಿರುವುದು ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಜನ ದಾನ ಕೊಟ್ಟ ರಕ್ತದಿಂದ ತೆಗೆಯುತ್ತಾರಂತೆ. ಒಬ್ಬಿಬ್ಬರದ್ದಲ್ಲ, ಸಾವಿರಾರು ಜನರದ್ದು. ನನ್ನ ಮುಖ ನೋಡದವರು, ನನ್ನ ಒಂದು ದಿಂಬನ್ನೂ ಕೊಳ್ಳದವರು ತೋಳು ಚಾಚಿ ಕೊಟ್ಟಿದ್ದಾರೆ. ಅದನ್ನು ಕೇಳಿದಾಗಿನಿಂದ ಆ ಕುರ್ಚಿಯಲ್ಲಿ ತಲೆಯೆತ್ತಿ ಕೂರಲು ನನಗೆ ಆಗುತ್ತಿಲ್ಲ. ಯಾರೋ ದಾರಿಹೋಕರು ನನಗಾಗಿ ಅಷ್ಟು ಮಾಡಿದರು. ನಾನು ನನ್ನ ಸ್ವಂತ ತಮ್ಮನಿಗೆ ಒಂದು ಮಾತು ಹೇಳಲಿಲ್ಲ.

ಪಕ್ಕದ ಕುರ್ಚಿಯಲ್ಲಿ ಒಬ್ಬ ಬಸ್ ಡ್ರೈವರಣ್ಣ ಕೂರುತ್ತಾನೆ. ಅವನಿಗೂ ಇದೇ ಕಾಯಿಲೆ. ಸ್ಟೇರಿಂಗ್ ಬಿಟ್ಟು ವರ್ಷಗಳಾದರೂ ಕುರ್ಚಿಯಲ್ಲಿ ಕೂತು ಬಲಗಾಲಿನಲ್ಲಿ ನೆಲ ಒತ್ತುತ್ತಿರುತ್ತಾನೆ, ಬ್ರೇಕು ಹಾಕುವವನ ಹಾಗೆ. ತನಗೆ ಗೊತ್ತಾದ ದಿನವೇ ಅಣ್ಣ, ತಂಗಿ ಎಲ್ಲರನ್ನೂ ಹೊರಡಿಸಿಕೊಂಡು ಬಂದು ರಕ್ತ ಕೊಡಿಸಿದನಂತೆ. ತಂಗಿಗೂ ಇತ್ತು. 'ಆದ್ರೆ ಅವಳ ಎದೆ ಇನ್ನೂ ಹೊಸಾದಿದ್ದಂಗಿದೆ ಕಣಕ್ಕ. ಬೇಗ ಗೊತ್ತಾಯ್ತಲ್ಲ! ಅಡುಗೆಮನೆ ಹೊಗೆ ಬಿಡಿಸಿದ್ವಿ, ಧೂಳಿನ್ ಕಡೆ ತಲೆ ಹಾಕಲ್ಲ. ಡ್ರಿಪ್ಪೂ ಬೇಡವಂತೆ ಈಗ. ವರ್ಷಕ್ಕೊಂದ್ಸಲ ಕೊಳವೇಲಿ ಉಸಿರು ಊದಿಸಿ ನೋಡ್ತಾರೆ, ಅಷ್ಟೇ' ಅಂದ. ಆಮೇಲೆ ನನ್ನ ಕಡೆ ತಿರುಗಿ, 'ನಿಮ್ಮ ತಮ್ಮನ್ನ ಕರ್ಕೊಂಡ್ ಬಂದ್ರಾ?' ಎಂದು ಕೇಳಿದ.

ಬರ್ತಾನೆ ಅಂದೆ. ಮುಂದಿನ ವಾರವೂ ಕೇಳಿದ. ಹೊರಟಿದಾನೆ ಅಂದೆ. ಅವನು ಬಿಡುವ ಆಸಾಮಿಯಲ್ಲ, ಅದರ ಮುಂದಿನ ವಾರವೂ ಕೇಳಿದ. ನನಗೆ ಎಲ್ಲಿಲ್ಲದ ಕೋಪ ಬಂತು. ಕಳ್ಳಿಗೆ ಬರುವ ಕೋಪ ಅದು. 'ನೋಡಿಸ್ದೆ ಕಣಪ್ಪ. ಅವನಿಗೇನೂ ಇಲ್ಲ, ಗುಂಡುಕಲ್ಲಿನ ಹಾಗಿದಾನೆ' ಅಂದುಬಿಟ್ಟೆ.

ಅವನ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ತನ್ನ ತಮ್ಮನೇ ಬದುಕಿಕೊಂಡ ಹಾಗೆ ಸಂತೋಷಪಟ್ಟ. ಇವತ್ತು ಹೋದರೆ, ಆ ಪುಣ್ಯಾತ್ಮ ಡಾಕ್ಟರಮ್ಮನಿಗೂ ಹೇಳಿ ಕೂತಿದ್ದಾನೆ. ಆಕೆ ರೌಂಡ್ಸಿನಲ್ಲಿ ನನ್ನ ಹತ್ತಿರ ಬಂದು ಹೆಗಲು ಮುಟ್ಟಿ, 'ಒಳ್ಳೇ ಸುದ್ದಿ ಕೇಳಿದೆ. ತಮ್ಮನ ರಿಪೋರ್ಟ್ ತಂದ್ಕೊಡಿ, ನಿಮ್ಮ ಫೈಲಿಗೆ ಸೇರಿಸ್ತೀನಿ' ಅಂದಳು. ತರ್ತೀನಮ್ಮ ಅಂದೆ. ಡ್ರೈವರಣ್ಣ ತಾನು ಯಾರಿಗೂ ಬಿಟ್ಟುಕೊಡದ ಕಿಟಕಿ ಪಕ್ಕದ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟ. ಸೀಸೆ ಖಾಲಿಯಾಗುವವರೆಗೆ ಆ ಕುರ್ಚಿಯಲ್ಲಿ ಮುಳ್ಳಿನ ಮೇಲೆ ಕೂತ ಹಾಗೆ ಕೂತಿದ್ದು, ನೇರ ಕೋಣೆಗೆ ಬಂದು ಈ ಕಾಗದ ಹಿಡಿದಿದ್ದೇನೆ. ಊಟ ಕೂಡ ಮಾಡಿಲ್ಲ.

ನಿನ್ನ ಕಾಗದ ಎದುರಿಗೇ ಇದೆ. ಮಡಿಕೆಯಲ್ಲಿ ಹರಿಯುವಷ್ಟು ಸಲ ಓದಿದ್ದೇನೆ. ಅಂಗಡಿಯ ಬೋರ್ಡಿಗೆ ಹೊಸ ಬಣ್ಣ ಹೊಡೆಸಿದ್ದು, ಮರಿ ಹತ್ತಿ ರಾಶಿಯ ಮೇಲೆ ಹಾರಿ ಹಾರಿ ಕುಣಿದು ಅಲ್ಲೇ ನಿದ್ದೆಹೋದದ್ದು, ಎಲ್ಲ ಬರೆದಿದ್ದೀಯ. ಕೊನೆಯಲ್ಲಿ ಬರೆದದ್ದು ಇದು: 'ಅಕ್ಕಾ, ಮೂಗಿಗೆ ಬಟ್ಟೆ ಕಟ್ಟೋದು ಬಿಟ್ಟಿದೀನಿ. ಯಜಮಾನ ಆದ್ಮೇಲೂ ಅಳಿಯನ ಥರ ಇದ್ರೆ ಆಳುಗಳು ನಗಲ್ವಾ? ಈಗೀಗ ಸ್ವಲ್ಪ ಕೆಮ್ಮು ಶುರುವಾಗಿದೆ. ಥೇಟ್ ಅಪ್ಪನ ಕೆಮ್ಮೇ ಕಣಕ್ಕಾ, ಅದೇ ರಾಗ!'

ಅಳಿಯ. ಆ ಹೆಸರು ನಿನಗೆ ಇಟ್ಟವಳು ನಾನೇ. ಅಪ್ಪನ ಕಾಲದಿಂದ ನಮ್ಮ ಅಂಗಡಿಯಲ್ಲಿ ಮೂಗಿಗೆ ಬಟ್ಟೆ ಕಟ್ಟಿದವನಿಗೆ ಮರ್ಯಾದೆಯಿಲ್ಲ. 'ಇವ್ನು ಕೆಲ್ಸಕ್ಕೆ ಬಂದಿದಾನೋ, ಅಳಿಯತನಕ್ಕೆ ಬಂದಿದಾನೋ? ಉಪಚಾರ ಮಾಡ್ರಪ್ಪಾ' ಅನ್ನುತ್ತಿದ್ದರು ಅಪ್ಪ. ಗಿರಾಕಿಗಳ ಮುಂದೆ ಕೆಮ್ಮು ಬಂದರೆ ಎದೆ ತಟ್ಟಿಕೊಂಡು 'ಅಪ್ಪಟ ಹತ್ತಿ, ಕಲಬೆರಕೆ ಇಲ್ಲ' ಅನ್ನುತ್ತಿದ್ದರು, ಗಿರಾಕಿಗಳು ನಂಬುತ್ತಿದ್ದರು. ನೀನು ಮೀಸೆ ಚಿಗುರುವ ವಯಸ್ಸಿಗೇ 'ಅಕ್ಕಾ, ನಂಗೆ ಈ ಧೂಳು ಆಗಲ್ಲ' ಅಂತ ಅಮ್ಮನ ಹಳೇ ಸೀರೆಯ ತುಂಡು ಮೂಗಿಗೆ ಕಟ್ಟಿಕೊಂಡು ಬಂದೆ. ಅಮ್ಮ ಹೋದಮೇಲೆ ನಿನಗೆ ತಲೆ ಬಾಚಿ, ಮೂಗು ಒರೆಸಿ ಬೆಳೆಸಿದವಳು ನಾನು. ಆ ನಾನೇ ಎಲ್ಲರ ಮುಂದೆ 'ಬನ್ನಿ ಅಳಿಯಂದ್ರೇ' ಅಂತ ಮಣೆ ಹಾಕಿ ನಗಾಡಿದೆ. ನೀನೂ ನಗುತ್ತಲೇ ಇದ್ದೆ. ಆದರೆ ಬಟ್ಟೆ ಬಿಚ್ಚಲಿಲ್ಲ. ಆಮೇಲೆ ಹಾಸಿಗೆ ಸಾಗಿಸುವ ವ್ಯಾನು ಹಿಡಿದು ಹೊರಗಡೆಯೇ ಉಳಿದುಬಿಟ್ಟೆ. ಊರೆಲ್ಲ ಸುತ್ತುತ್ತ, ಒಳ್ಳೆ ಗಾಳಿ ಕುಡಿಯುತ್ತ ಹಾಯಾಗಿದ್ದೆ.

ಇಷ್ಟು ವರ್ಷ ನನ್ನ ಗೇಲಿಗೆ ಬಿಚ್ಚದ ಬಟ್ಟೆಯನ್ನು ನಾನು ಕೊಟ್ಟ ಕೀಲಿಕೈ ಬಿಚ್ಚಿಸಿತು. ಅಯ್ಯೋ ನನ್ನ ಕಂದಾ, ಆ ಕೆಮ್ಮಿಗೆ ಹಿಗ್ಗಬೇಡವೋ. ಅದು ಬರೀ ಧೂಳಿನದ್ದೇ ಇರಬಹುದು. ಇರಲಿ ಅಂತ ಹೊತ್ತು ಗೊತ್ತಿಲ್ಲದೆ ಬೇಡಿಕೊಳ್ಳುತ್ತಿದ್ದೇನೆ. ಆದರೆ ಬೇಡಿಕೊಂಡರೆ ರಕ್ತದಲ್ಲಿರುವುದು ಬದಲಾಗುವುದಿಲ್ಲವಲ್ಲ.

ಆದ್ದರಿಂದ ಹೀಗೆ ಮಾಡು. ಯಂತ್ರವನ್ನು ಇವತ್ತೇ ಮುಚ್ಚಿಡು. ಆಳುಗಳಿಗೆ ಅಕ್ಕನ ಹುಚ್ಚು ಕೆರಳಿದೆ ಎಂದು ಹೇಳು, ಅವರು ನಂಬುತ್ತಾರೆ. ಮರಿಯನ್ನು ಅಂಗಡಿಯೊಳಗೆ ಬಿಡಬೇಡ. ಶುಕ್ರವಾರ ಮೊದಲ ಬಸ್ಸಿಗೆ ಹೊರಟು ಬಾ, ನಿಲ್ದಾಣಕ್ಕೆ ನಾನೇ ಬರುತ್ತೇನೆ. ಡಾಕ್ಟರಮ್ಮನಿಗೆ ನಾನು ಹೇಳಿದ್ದು ಸುಳ್ಳು ಅಂತ ಅವತ್ತೇ ನಿನ್ನ ಎದುರಿಗೇ ಹೇಳುತ್ತೇನೆ, ಅವಳು ಬೈದರೆ ಬೈಯಲಿ. ಸೂಜಿ ಅಂದರೆ ನಿನಗೆ ಚಿಕ್ಕಂದಿನಿಂದ ಪ್ರಾಣಭಯ. ಕೈ ಹಿಡಿದುಕೊಂಡು ಕೂರುತ್ತೇನೆ, ಯಾರಿಗೂ ಹೇಳುವುದಿಲ್ಲ. ನಿನ್ನ ರಕ್ತದಲ್ಲಿ ಏನಿದೆ ಎಂದು ಗೊತ್ತಾದ ಮೇಲೆ ಮರಿಯದ್ದನ್ನು ಯೋಚಿಸೋಣ.

ನಿನ್ನ ಹೆಂಡತಿಗೆ ಎಲ್ಲವನ್ನೂ ಹೇಳು, ನನ್ನ ಹಾಗೆ ಮುಚ್ಚಿಡಬೇಡ. ನಿಮ್ಮ ಎದೆಗಳು ತಣ್ಣಗಿರಲಿ, ಉಸಿರು ನೀಳವಾಗಿರಲಿ. ಮರಿಗೆ ನೂರು ಮುತ್ತು.

ನಿನ್ನನ್ನು ಎತ್ತಿ ಆಡಿಸಿದ,
ಅಕ್ಕ

ಮತ್ತೆ ಬರೆದದ್ದು: ಕಾಗದ ಮಡಿಚಿ ಲಕೋಟೆಗೆ ಹಾಕಿ ಅಂಟು ಹಚ್ಚಿದ್ದೆ. ಕಿತ್ತು ಮತ್ತೆ ತೆಗೆದಿದ್ದೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ ಕಣೋ. ನಿನ್ನ ಮುಂದೆಯೂ ಸುಳ್ಳು ಹೇಳಿದರೆ ಇನ್ನು ನಿಜ ಹೇಳಲು ನನಗೆ ಯಾರಿದ್ದಾರೆ?

ಕೀಲಿಕೈ ಕೊಟ್ಟು ಬಂದಮೇಲೆ ಆಸ್ಪತ್ರೆಗೆ ತೋರಿಸಿಕೊಂಡೆ ಅಂದೆನಲ್ಲ. ಅಲ್ಲ. ಮೊದಲೇ ತೋರಿಸಿಕೊಂಡಿದ್ದೆ. ಗಿರಾಕಿಯೊಬ್ಬರನ್ನು ನೋಡಿಬರುತ್ತೇನೆ ಅಂತ ಪೇಟೆಗೆ ಹೋಗಿ ಬರುತ್ತಿದ್ದೆನಲ್ಲ, ಅದೇ ಅದು. 'ನಾಳೆಯಿಂದ ಹತ್ತಿ ಮುಟ್ಟಬೇಡಿ. ತಮ್ಮ ಇದಾರಲ್ಲ, ಅವರನ್ನ ಕರ್ಕೊಂಡ್ ಬನ್ನಿ. ಅಲ್ಲಿವರೆಗೆ ಅವರೂ ಧೂಳಿನ ಹತ್ರ ಹೋಗೋದ್ ಬೇಡ' ಎಂದು ಡಾಕ್ಟರಮ್ಮ ಒಂದೇ ಉಸಿರಿನಲ್ಲಿ ಹೇಳಿದಳು. ಮನೆಗೆ ಬಂದರೆ ನೀನು ಡಬಲ್ ಹಾಸಿಗೆಯೊಂದನ್ನು ತಲೆಮೇಲೆ ಹೊತ್ತು ಸಿಳ್ಳೆ ಹಾಕುತ್ತ ಎದುರುಮನೆಯ ಮೆಟ್ಟಿಲು ಹತ್ತುತ್ತಿದ್ದೆ. ಇವನಿಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದಾನೆ ಅಂದುಕೊಂಡೆ. ಡ್ರೈವರಣ್ಣನಿಗೆ ಹೇಳಿದ ಮಾತನ್ನು ಅವತ್ತೇ ನನಗೆ ನಾನೇ ಹೇಳಿಕೊಂಡಿದ್ದೆ.

ಅದನ್ನೂ ನಾನು ಪೂರ್ತಿ ನಂಬಿರಲಿಲ್ಲ. ನಿನಗೆ ಹೇಳಿದರೆ ನೀನು ಯಂತ್ರದ ಹತ್ತಿರ ಬರುವುದಿಲ್ಲ, ಅಪ್ಪನ ಅಂಗಡಿಗೆ ಬೀಗ ಬೀಳುತ್ತದೆ. ಹೇಳದಿದ್ದರೆ ನಡೆಯುತ್ತದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಅಂಗಡಿ, ಇನ್ನೊಂದರಲ್ಲಿ ನೀನು. ನಾನು ಅಂಗಡಿ ಉಳಿಸಿಕೊಂಡೆ. ಮಾರನೇ ದಿನ ನಿನ್ನನ್ನು ವ್ಯಾನಿನಿಂದ ಇಳಿಸಿ, ಆಳುಗಳನ್ನೆಲ್ಲ ನಿಲ್ಲಿಸಿಕೊಂಡು ಕೀಲಿಕೈ ಕೊಟ್ಟೆ. ನೀನು ಅದನ್ನು ಅಂಗಿಯ ತುದಿಯಿಂದ ಒರೆಸಿ ಒರೆಸಿ ನೋಡಿದೆ. 'ಅಕ್ಕಾ, ಕೊನೆಗೂ ನನ್ನನ್ನ ಮನೆಮಗ ಅಂದ್ಯಲ್ಲಾ' ಅಂತ ಅತ್ತುಬಿಟ್ಟೆ. ನಾನೂ ಅತ್ತೆ. ಅಕ್ಕನಿಗೆ ಆನಂದಬಾಷ್ಪ ಅಂತ ಎಲ್ಲರೂ ಅಂದುಕೊಂಡರು.

ನನಗೆ ಬಂದದ್ದು ಅಪ್ಪ ಅಮ್ಮನಿಂದ ಬಂತು. ಅವರಿಗೆ ಗೊತ್ತಿರಲಿಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಗೊತ್ತಿದ್ದೂ ಕೊಟ್ಟೆ. ಇದನ್ನು ಓದಿ ನೀನು ನನ್ನ ಮುಖ ನೋಡದಿದ್ದರೂ ಸರಿ. ಹಾಗಾದರೆ ಫೋನಿನಲ್ಲಿ ಒಂದು ಮಾತು ಹೇಳು, ನಿಲ್ದಾಣಕ್ಕೆ ಬರುವುದಿಲ್ಲ. ಡ್ರೈವರಣ್ಣನನ್ನು ಕಳಿಸುತ್ತೇನೆ, ಅವನ ಜೊತೆ ಹೋಗಿ ರಕ್ತ ಕೊಟ್ಟು ಹಾಗೇ ಹಿಂದಿರುಗು. ಆದರೆ ಬಾ. ಬರುವಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಬಾ, ದಾರಿಯುದ್ದಕ್ಕೂ ಧೂಳು.

ಯಂತ್ರ ನಿಲ್ಲಿಸಿಯೇ ಓದುತ್ತಿದ್ದೀಯ ತಾನೇ?